ಒಂದು ರೈಲಿಗೆ ಎರಡು ಎಂಜಿನ್: ಯಾಕೆ ಎಳೆದಾಡುತ್ತವೆ?

ಬನಶಂಕರಿ ಲೂಪ್

ಎಲ್ಲರಿಗೂ ನಮಸ್ಕಾರ. ಮಹಡಿ ಮೇಲಿನ ಕೋಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಮಾದರಿ ರೈಲಿಗೆ ಎಚ್‌ಒ ಅಳತೆಯ (ನಿಜವಾದ ರೈಲಿನ 87ನೇ ಒಂದು ಭಾಗ) ಹಳಿ ಹಾಕಿದ್ದೇನೆ. ಎಂಟರ ಆಕಾರ. ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಲ್ಲಿ ದಾಟುತ್ತದೆ. ತಿರುವಿನ ತ್ರಿಜ್ಯ 18 ಇಂಚು. ಕಂಟ್ರೋಲರ್ ಹಳೇ ಕಾಲದ 12 ವೋಲ್ಟ್ ಡಿಸಿ, ಗುಂಡಿ ತಿರುಗಿಸಿದಷ್ಟೂ ಹಳಿಯ ವೋಲ್ಟೇಜ್ ಏರಿ ಎಂಜಿನ್ ಜೋರಾಗುತ್ತದೆ.

ಒಂದೇ ಎಂಜಿನ್ 8 ಬೋಗಿ ಎಳೆದುಕೊಂಡು ಸೇತುವೆ ಹತ್ತುವುದಿಲ್ಲ. ಅರ್ಧಕ್ಕೆ ನಿಂತು ಚಕ್ರ ಸುಮ್ನೆ ತಿರುಗುತ್ತದೆ. ಸರಿ, ಎರಡು ಎಂಜಿನ್ ಕಟ್ಟೋಣ ಎಂದುಕೊಂಡೆ. ಎರಡೂ ಡೀಸೆಲ್ ಮಾದರಿ, ಆದರೆ ಬೇರೆ ಬೇರೆ ಕಂಪನಿಯವು. ಒಂದು ನೀಲಿ, ಒಂದು ಕೆಂಪು. ಕೆಂಪು ಮುಂದೆ, ನೀಲಿ ಹಿಂದೆ.

ಈಗ ಎರಡು ತೊಂದರೆ. ತಿರುವಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರೆ ಕೆಂಪು ಎಂಜಿನ್‌ನ ಹಿಂದಿನ ಚಕ್ರಗಳು ಹಳಿ ಬಿಟ್ಟು ಹಾರುತ್ತವೆ. ಹೇಗೋ ಹೊರಟರೆ, ಏರಿನ ತಿರುವಿನಲ್ಲಿ ಮೊದಲ ಬೋಗಿ ಒಳಗಡೆಗೆ ವಾಲಿ ಬೀಳುತ್ತದೆ. ನನ್ನ ಗೆಳೆಯ ಒಬ್ಬ "ಡಿಜಿಟಲ್‌ಗೆ ಹೋಗದೆ ಎರಡು ಎಂಜಿನ್ ಕನಸು ಕಾಣಬೇಡ" ಅನ್ನುತ್ತಾನೆ. ನಿಜವಾ?

ಘಾಟಿ ಗಾರ್ಡ್

ಮೊದಲು ಏರಿನ ಲೆಕ್ಕ ಹೇಳಿ. ಸೇತುವೆ ಎಷ್ಟು ಎತ್ತರ, ಹತ್ತುವ ಹಳಿ ಎಷ್ಟು ಉದ್ದ?

ಬನಶಂಕರಿ ಲೂಪ್

ಎತ್ತರ ಏಳೂವರೆ ಸೆಂಟಿಮೀಟರ್. ಹತ್ತುವ ಭಾಗ ಸುಮಾರು ಎರಡೂಕಾಲು ಮೀಟರ್.

ಘಾಟಿ ಗಾರ್ಡ್

ಅಂದರೆ 30ಕ್ಕೆ 1, 30 ಅಡಿ ಹೋದರೆ 1 ಅಡಿ ಏರು. ಸರ್, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯೇ 50ಕ್ಕೆ 1. ಅಲ್ಲಿ 57 ಸುರಂಗ ದಾಟಿಕೊಂಡು ಮೇಲೆ ಬರುವ ರೈಲಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು. ಕುಳೆಯಿಂದ ಕ್ಯಾಸಲ್ ರಾಕ್‌ಗೆ ಹತ್ತುವ ಬ್ರಗಾಂಜಾ ಘಾಟಿ 37ಕ್ಕೆ 1. ನೀವು ಎರಡನ್ನೂ ಮೀರಿಸಿದ್ದೀರಿ! ಅದೂ 18 ಇಂಚಿನ ತಿರುವಿನ ಮೇಲೆ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವುದರಿಂದ ಏರು ಇನ್ನೂ ಕಡಿದಾದ ಹಾಗೆ ಆಗುತ್ತದೆ. ಒಂದು ಎಂಜಿನ್ ಸೋತಿದ್ದರಲ್ಲಿ ಆಶ್ಚರ್ಯ ಇಲ್ಲ.

ಎರಡು ಎಂಜಿನ್ ಬೇಕೇ ಬೇಕು, ಒಪ್ಪಿದೆ. ಆದರೆ ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಬೋಗಿಗಳನ್ನು ತೆಗೆದಿಡಿ. ಎರಡು ಎಂಜಿನ್‌ಗಳನ್ನು ಒಂದೇ ಹಳಿ ಮೇಲೆ ಒಂದು ಅಡಿ ಅಂತರದಲ್ಲಿ ನಿಲ್ಲಿಸಿ. ಎರಡನ್ನೂ ಸೇರಿಸುವ ಕೊಂಡಿ (ಕಪ್ಲಿಂಗ್) ಹಾಕಬೇಡಿ. ನಿಧಾನವಾಗಿ ಗುಂಡಿ ತಿರುಗಿಸಿ. ಯಾವುದು ಮೊದಲು ಹೊರಟಿತು, ಅಂತರ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ನೋಡಿ. ನಿಧಾನ, ಮಧ್ಯಮ, ಜೋರು, ಮೂರೂ ವೇಗದಲ್ಲಿ ನೋಡಬೇಕು. ಒಂದರಲ್ಲಿ ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಡಿಕೋಡರ್ ದಾಸ

ಪರೀಕ್ಷೆ ಮಾಡಲಿ, ತಪ್ಪಿಲ್ಲ. ಆದರೆ ಉತ್ತರ ಈಗಲೇ ಗೊತ್ತಿದೆ. ಎರಡು ಕಂಪನಿ, ಎರಡು ಮೋಟಾರು, ಎರಡು ಗೇರ್ ಅನುಪಾತ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ.

ನಿಮ್ಮ ಗೆಳೆಯ ಹೇಳಿದ ಡಿಜಿಟಲ್ ಪದ್ಧತಿ, ಅಂದರೆ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್), ಹುಟ್ಟಿದ್ದೇ ಇಂಥ ತಲೆನೋವಿಗೆ. ಹಳಿಯಲ್ಲಿ ವೋಲ್ಟೇಜ್ ಯಾವಾಗಲೂ ಅಷ್ಟೇ ಇರುತ್ತದೆ. ವೇಗದ ಆಜ್ಞೆ ಮಾತ್ರ ಅಂಕೆಗಳಾಗಿ ಹೋಗುತ್ತದೆ. ಪ್ರತಿ ಎಂಜಿನ್ ಒಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಓದುತ್ತದೆ. ಜರ್ಮನಿಯ ಲೆನ್ಜ್ ಕಂಪನಿಯ ಪದ್ಧತಿಯನ್ನು ಆಧಾರವಾಗಿ ಇಟ್ಟುಕೊಂಡು 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಸ್ಥೆ ಎನ್‌ಎಂಆರ್‌ಎ ಇದನ್ನು ಮಾನಕ ಮಾಡಿತು. ಹಾಗಾಗಿ ಯಾವ ಕಂಪನಿಯ ಡಿಕೋಡರ್ ಆದರೂ ಯಾವ ಕಂಪನಿಯ ಕಂಟ್ರೋಲರ್ ಜೊತೆಗೂ ಮಾತಾಡುತ್ತದೆ. ಡಿಸಿಯಲ್ಲಿ ಎಂಜಿನ್ ಜೋಡಿಸುವುದು ಅದೃಷ್ಟದ ಆಟ.

ಹನ್ನೆರಡು ವೋಲ್ಟ್

ದಾಸರೇ, ಅದೃಷ್ಟ ಅಲ್ಲ, ಸ್ವಲ್ಪ ಭೌತಶಾಸ್ತ್ರ. ಡಿಸಿಯಲ್ಲಿ ಎರಡು ಮೋಟಾರಿಗೂ ಸಿಗುವುದು ಒಂದೇ ವೋಲ್ಟೇಜ್. ವೇಗದ ಎಂಜಿನ್ ಮೇಲೆ ಹೊರೆ ಬಿದ್ದರೆ ಅದು ನಿಧಾನವಾಗುತ್ತದೆ. ನಿಧಾನದ ಎಂಜಿನ್‌ನ ಹೊರೆ ಕಡಿಮೆಯಾದರೆ ಅದು ಸ್ವಲ್ಪ ಜೋರಾಗುತ್ತದೆ. ನಡುವೆ ಎಲ್ಲೋ ಇಬ್ಬರೂ ರಾಜಿಯಾಗುತ್ತಾರೆ. ವ್ಯತ್ಯಾಸ ಸಣ್ಣದಾಗಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ಡಿಕೋಡರ್ ಬರುವ ಎಷ್ಟೋ ವರ್ಷ ಮೊದಲೇ ಜನ ಮೂರು ನಾಲ್ಕು ಎಂಜಿನ್ ಕಟ್ಟಿ ಓಡಿಸುತ್ತಿದ್ದರು, ಅಲ್ವಾ?

ರಾಜಿಗೂ ಮಿತಿ ಇದೆ ಎನ್ನುವುದು ನಿಜ. ಈ ಎಂಜಿನ್‌ಗಳಲ್ಲಿ ಮೋಟಾರಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ವರ್ಮ್ ಗೇರ್ ಮೂಲಕ. ಮೋಟಾರು ತಿರುಗಿದರೆ ಚಕ್ರ ತಿರುಗುತ್ತದೆ, ಆದರೆ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಮೋಟಾರು ತಿರುಗುವುದಿಲ್ಲ. ಹಾಗಾಗಿ ಹೊರೆಯೇ ಇಲ್ಲದಿದ್ದರೂ ನಿಧಾನದ ಎಂಜಿನ್ ಮುಟ್ಟಲಾಗದ ವೇಗಕ್ಕೆ ಅದನ್ನು ಎಳೆದರೆ ಚಕ್ರ ಜಾರಿಕೊಂಡೇ ಹೋಗಬೇಕು. ನಿಂತಿರುವಾಗ ಅಂತೂ ಬ್ರೇಕ್ ಹಾಕಿದಂತೆಯೇ.

ವೇಗದ್ದು ಮುಂದೆ ಇರಲಿ. ಆಗ ಅದು ಹಿಂದಿನದನ್ನು ಎಳೆಯುತ್ತದೆ. ವೇಗದ್ದು ಹಿಂದೆ ಇದ್ದರೆ ತಳ್ಳುತ್ತದೆ. ನೇರ ಹಳಿಯಲ್ಲಿ ತಳ್ಳಿದರೆ ಪರವಾಗಿಲ್ಲ, ತಿರುವಿನಲ್ಲಿ ತಳ್ಳಿದರೆ ಮುಂದಿನದು ಪಕ್ಕಕ್ಕೆ ಹಾರುತ್ತದೆ.

ಮೂರು ಹಳಿ ಮಾವ, ಜಯನಗರ

ನಿಮ್ಮ ಜಗಳ ಓದಿ ನಗು ಬಂತು. ನಮ್ಮ ಕಾಲದ ಕಷ್ಟ ಕೇಳಿ. ನನ್ನ ಹತ್ತಿರ ಇರುವುದು ಹಳೇ ಮ್ಯಾರ್ಕ್ಲಿನ್, ಮತ್ತೆ ಅಮೆರಿಕದಲ್ಲಿದ್ದ ಬಂಧುವೊಬ್ಬರು ಕೊಟ್ಟ ಲಯನೆಲ್. ಎರಡೂ ಎಸಿ ಕರೆಂಟಿನಲ್ಲಿ ಓಡುವ ಆಟಿಕೆ ರೈಲುಗಳು. ಎಸಿಯಲ್ಲಿ ಪ್ಲಸ್ ಮೈನಸ್ ಬದಲಿಸಿ ಹಿಂದಕ್ಕೆ ಓಡಿಸಲು ಆಗುವುದಿಲ್ಲ. ಮ್ಯಾರ್ಕ್ಲಿನ್‌ನಲ್ಲಿ ಓಡುವುದು 16 ವೋಲ್ಟ್ ಒಳಗೆ. ದಿಕ್ಕು ಬದಲಿಸಲು 24 ವೋಲ್ಟ್‌ನ ಒಂದು ತಟ್ಟು ಕೊಡಬೇಕು. ಎಂಜಿನ್ ಒಳಗಿನ ರಿಲೇ ಟಕ್ ಎಂದು ಬದಲಾಗುತ್ತದೆ. ಎರಡು ಎಂಜಿನ್ ಕಟ್ಟಿದಾಗ ಒಂದರ ರಿಲೇ ಬದಲಾಗಿ ಇನ್ನೊಂದರದು ಸೋಮಾರಿಯಾದರೆ ಮುಗಿಯಿತು. ಒಂದು ಮೈಸೂರಿಗೆ, ಇನ್ನೊಂದು ಚೆನ್ನೈಗೆ.

ಲಯನೆಲ್ ಇನ್ನೂ ಚೆಂದ. ಹಳಿಯ ಕರೆಂಟ್ ಒಮ್ಮೆ ಕಡಿದು ಮತ್ತೆ ಕೊಟ್ಟರೆ ಒಳಗಿನ ಇ-ಯೂನಿಟ್, ಅಂದರೆ ದಿಕ್ಕು ಬದಲಿಸುವ ಸ್ವಿಚ್, ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ, ನ್ಯೂಟ್ರಲ್. ಹಳಿಯಲ್ಲಿ ಒಂದು ಕಡೆ ಕೊಳೆ ಇದ್ದರೂ ಸಾಕು, ಒಂದು ಎಂಜಿನ್‌ಗೆ ಮಾತ್ರ ಕರೆಂಟ್ ಕಡಿದು ಅದು ನ್ಯೂಟ್ರಲ್‌ಗೆ ಹೋಗಿ ಕೂರುತ್ತದೆ. ಅದಕ್ಕೇ ಇ-ಯೂನಿಟ್‌ಗೆ ಒಂದು ಸಣ್ಣ ಸನ್ನೆ (ಲಿವರ್) ಇಟ್ಟಿದ್ದಾರೆ. ಎರಡೂ ಎಂಜಿನ್ ಮುಂದಕ್ಕೆ ಇದ್ದಾಗ ಸನ್ನೆ ಎಳೆದು ಬೀಗ ಹಾಕಿದ ಹಾಗೆ ಮಾಡಿದರೆ ಎಷ್ಟು ಸಲ ಕರೆಂಟ್ ಹೋಗಿ ಬಂದರೂ ಮುಂದಕ್ಕೇ ಓಡುತ್ತವೆ. ನಾನು ಹಾಗೆಯೇ ಓಡಿಸುತ್ತೇನೆ. ಹಿಂದಕ್ಕೆ ಓಡಿಸುವ ಆಸೆಯನ್ನು ಬಿಟ್ಟಿದ್ದೇನೆ.

ಇನ್ನೊಂದು ಮಾತು. ಲಯನೆಲ್‌ನವರು ಎಫ್3 ಡೀಸೆಲ್ ಜೋಡಿ ಮಾರುವಾಗ ಒಂದರಲ್ಲಿ ಮಾತ್ರ ಮೋಟಾರು ಇಡುತ್ತಿದ್ದರು. ಇನ್ನೊಂದು ಬರೀ ಡಬ್ಬ. ಎಳೆದಾಟದ ಪ್ರಶ್ನೆಯೇ ಇಲ್ಲ.

ಡಿಕೋಡರ್ ದಾಸ

ಮಾವ, ಬರೀ ಡಬ್ಬ ಕಟ್ಟಿದರೆ ನೋಡೋಕೆ ಚೆಂದ. ಇವರಿಗೆ ಏರು ಹತ್ತಬೇಕಲ್ಲ. ಡಬ್ಬದ ಭಾರವನ್ನೂ ಒಂದೇ ಎಂಜಿನ್ ಹೊರಬೇಕಾಗುತ್ತದೆ.

ಪುಟ್ಟನ ಅಮ್ಮ, ವಿಜಯನಗರ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಕಬ್ಬನ್ ಪಾರ್ಕಿನ ಪುಟಾಣಿ ರೈಲು ನೋಡಿ ಬಂದ ಮೇಲೆ ಮಗನಿಗೆ ರೈಲಿನ ಹುಚ್ಚು. ಅವನ ಹತ್ತಿರ ಬ್ಯಾಟರಿಯಲ್ಲಿ ಓಡುವ ಎರಡು ಎಂಜಿನ್ ಇವೆ. ಎರಡನ್ನೂ ಒಟ್ಟಿಗೆ ಕಟ್ಟಬಹುದಾ? ಸುಟ್ಟು ಹೋಗುತ್ತದಾ?

ಹನ್ನೆರಡು ವೋಲ್ಟ್

ಸುಡುವುದಿಲ್ಲ ಮೇಡಂ. ಎರಡರಲ್ಲೂ ಒಂದೇ ಬಗೆಯ ಸೆಲ್ ಹಾಕಿ. ಒಂದರಲ್ಲಿ ಹೊಸ ಸೆಲ್, ಇನ್ನೊಂದರಲ್ಲಿ ಹಳೇದು ಬೇಡ. ಬ್ಯಾಟರಿ ಎಂಜಿನ್‌ನಲ್ಲಿ ಸೆಲ್ ತಾಜಾ ಇದ್ದಷ್ಟೂ ವೇಗ. ಜಾಸ್ತಿ ವೇಗದ್ದನ್ನು ಮುಂದೆ ಇಡಲು ಮಗನಿಗೆ ಹೇಳಿ. ಯಾವುದು ವೇಗ ಎಂದು ಅವನೇ ಓಡಿಸಿ ಕಂಡುಹಿಡಿಯಲಿ. ಒಂದು ಮಧ್ಯಾಹ್ನ ಆರಾಮಾಗಿ ಕಳೆಯುತ್ತದೆ.

ಪುಟ್ಟನ ಅಮ್ಮ, ವಿಜಯನಗರ

ಥ್ಯಾಂಕ್ಸ್ ಸರ್. ಮಧ್ಯಾಹ್ನ ಕಳೆಯುವುದೇ ನನಗೂ ಬೇಕಾಗಿದ್ದು.

ಬನಶಂಕರಿ ಲೂಪ್

ಪರೀಕ್ಷೆ ಮಾಡಿದೆ. ಮಲ್ಟಿಮೀಟರ್ ಹಳಿಗೆ ಹಿಡಿದು ನೋಡಿದೆ. ನೀಲಿ ಎಂಜಿನ್ ಎರಡೂವರೆ ವೋಲ್ಟ್‌ಗೇ ಹೊರಡುತ್ತದೆ. ಕೆಂಪು ಅಲುಗಾಡುವುದು 4 ವೋಲ್ಟ್ ಆದಮೇಲೆ. ಮಧ್ಯಮ ವೇಗದಲ್ಲಿ ನೀಲಿ ಸ್ವಲ್ಪ ಮುಂದೆ. ಪೂರ್ತಿ ಗುಂಡಿ ತಿರುಗಿಸಿದರೆ ಕೆಂಪು ಹಿಂದಿನಿಂದ ಬಂದು ಮುಟ್ಟುತ್ತದೆ. ಹಾಗಾದರೆ ಯಾವುದು "ವೇಗದ್ದು"? ಯಾವುದನ್ನು ಮುಂದೆ ಇಡಲಿ?

ಘಾಟಿ ಗಾರ್ಡ್

ಈಗ ರೋಗ ಸಿಕ್ಕಿತು ನೋಡಿ. ತಿರುವಿನಲ್ಲಿ ಹೊರಡಿಸುವಾಗ ಹಿಂದಿನ ನೀಲಿ ಮೊದಲು ಎಚ್ಚರವಾಗಿ ತಳ್ಳಲು ಶುರುಮಾಡುತ್ತದೆ. ಮುಂದಿನ ಕೆಂಪಿನ ಚಕ್ರ ಇನ್ನೂ ವರ್ಮ್ ಗೇರ್‌ಗೆ ಸಿಕ್ಕಿಕೊಂಡು ನಿಂತಿದೆ. ತಳ್ಳಿದ್ದು ಎಲ್ಲಿ ಹೋಗಬೇಕು? ಪಕ್ಕಕ್ಕೆ. ಕೆಂಪಿನ ಹಿಂದಿನ ಚಕ್ರ ಹಾರುವುದು ಅದಕ್ಕೇ.

ಎಂಜಿನ್ ಜೋಡಿ ಸರಿಯಾಗಿದೆಯಾ ಎಂದು ಜನ ಜೋರಾಗಿ ಓಡಿಸಿ ನೋಡುತ್ತಾರೆ. ನನ್ನ ಪ್ರಕಾರ ಅದು ದಂಡ. ಹೊರಡುವಾಗ ಮತ್ತು ನಿಲ್ಲುವಾಗ ಹೊಂದಿಕೊಂಡರೆ ಮುಕ್ಕಾಲು ಕೆಲಸ ಆಯಿತು. 18 ಇಂಚಿನ ತಿರುವಿನ ಲೇಔಟ್‌ನಲ್ಲಿ ಪೂರ್ತಿ ವೇಗ ಯಾರಿಗೆ ಬೇಕು? ಲೆಕ್ಕ ಹಾಕಿ. ಎಚ್‌ಒ ಅಂದರೆ 87ಕ್ಕೆ 1. ನಿಜವಾದ ರೈಲಿನ ಗಂಟೆಗೆ 60 ಕಿಲೋಮೀಟರ್ ನಿಮ್ಮ ಹಳಿಯಲ್ಲಿ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್. 18 ಇಂಚಿನ ಒಂದು ಪೂರ್ತಿ ಸುತ್ತು ಹೊಡೆಯಲು 15 ಸೆಕೆಂಡ್ ಹಿಡಿಯಬೇಕು. ನಮ್ಮಲ್ಲಿ ಬಹಳ ಜನ ಅದನ್ನು ಐದಾರು ಸೆಕೆಂಡಿಗೆ ಮುಗಿಸುತ್ತಾರೆ. ಅದು ಬುಲೆಟ್ ರೈಲು, ಘಾಟಿ ಹತ್ತುವ ಗೂಡ್ಸ್ ಅಲ್ಲ.

ಎಸ್‌ಪಿ ರೋಡ್ ಅಲೆಮಾರಿ

ಎರಡೂವರೆಗೂ ನಾಲ್ಕಕ್ಕೂ ಒಂದೂವರೆ ವೋಲ್ಟ್ ವ್ಯತ್ಯಾಸ. ಇದಕ್ಕೆ ಡಿಸಿಸಿ ಬೇಕಿಲ್ಲ ಗುರು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ಒಂದು ಸಣ್ಣ ಬ್ರಿಡ್ಜ್ ರೆಕ್ಟಿಫೈಯರ್ (ನಾಲ್ಕು ಡಯೋಡ್ ಸೇರಿಸಿದ ಒಂದು ಬಿಡಿಭಾಗ) ಸಾಕು.

ಸಿಲಿಕಾನ್ ಡಯೋಡ್ ಒಂದರಲ್ಲಿ ಕರೆಂಟ್ ಹರಿದರೆ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. ಬ್ರಿಡ್ಜ್‌ನಲ್ಲಿ ಯಾವಾಗಲೂ ಎರಡು ಡಯೋಡ್ ದಾಟಬೇಕು, ಅಂದರೆ 1.4. ಬ್ರಿಡ್ಜ್‌ನ ಪ್ಲಸ್ ಕಾಲು ಮತ್ತು ಮೈನಸ್ ಕಾಲು ಎರಡನ್ನೂ ಒಂದಕ್ಕೊಂದು ಸೇರಿಸಿ ಬೆಸುಗೆ ಹಾಕಿ. ನೀಲಿ ಎಂಜಿನ್‌ನ ಮೋಟಾರಿಗೆ ಹೋಗುವ ಒಂದು ವೈರ್ ಕತ್ತರಿಸಿ, ಆ ಎರಡು ತುದಿಗಳ ನಡುವೆ ಬ್ರಿಡ್ಜ್‌ನ ಎರಡು ಎಸಿ ಕಾಲು ಸೇರಿಸಿ. ಮುಂದಕ್ಕೆ ಹೋದರೂ ಹಿಂದಕ್ಕೆ ಹೋದರೂ 1.4 ವೋಲ್ಟ್ ಕಡಿಮೆ. ನೀಲಿ ಈಗ 4 ವೋಲ್ಟ್ ಹತ್ತಿರವೇ ಹೊರಡುತ್ತದೆ. ಒಂದು ಆಂಪಿಯರ್‌ನ ಬ್ರಿಡ್ಜ್ ತೆಗೆದುಕೊಳ್ಳಿ. ಈ ಅಳತೆಯ ಎಂಜಿನ್ ಓಡುವಾಗ ಸಾಮಾನ್ಯವಾಗಿ ಅರ್ಧ ಆಂಪಿಯರ್ ಒಳಗೇ ಎಳೆಯುತ್ತದೆ. ದೀಪದ ವೈರ್‌ಗೆ ಕೈ ಹಾಕಬೇಡಿ, ಮೋಟಾರಿನದು ಮಾತ್ರ.

ಡಿಕೋಡರ್ ದಾಸ

ಉಪಾಯ ಚೆನ್ನಾಗಿದೆ, ಆದರೆ ಅರ್ಧ ಔಷಧಿ. 1.4 ವೋಲ್ಟ್ ಎಲ್ಲ ವೇಗದಲ್ಲೂ ಕಳೆಯುತ್ತದೆ. ಮೇಲಿನ ವೇಗದಲ್ಲಿ ಕೆಂಪು ಈಗಾಗಲೇ ಜೋರು. ನೀಲಿಯನ್ನು ಇನ್ನೂ ಇಳಿಸಿದರೆ ಅಲ್ಲಿ ಅಂತರ ಜಾಸ್ತಿ ಆಗುತ್ತದೆ.

ಎಸ್‌ಪಿ ರೋಡ್ ಅಲೆಮಾರಿ

ಆಗಲಿ ಬಿಡಿ. ಗಾರ್ಡ್ ಸಾಹೇಬ್ರು ಈಗ ತಾನೇ ಹೇಳಿದರಲ್ಲ, ಮೇಲಿನ ವೇಗ ಯಾರಿಗೆ ಬೇಕು? ಅಲ್ಲದೆ ಕೆಂಪು ಮುಂದೆಯೇ ಇದೆ. ಜೋರಾದಾಗ ಎಳೆಯುತ್ತದೆ, ತಳ್ಳುವುದಿಲ್ಲ.

ಹನ್ನೆರಡು ವೋಲ್ಟ್

ಇದಕ್ಕೆ ನನ್ನ ಮತ.

ಬನಶಂಕರಿ ಲೂಪ್

ಬೆಸುಗೆ ನನಗೆ ಬರುತ್ತದೆ. ಮಾಡಿ ನೋಡುತ್ತೇನೆ. ಆದರೆ ದಾಸ್ ಸರ್, ಮುಂದೆ ಯಾವತ್ತಾದರೂ ಡಿಸಿಸಿಗೆ ಹೋದರೆ ಇದನ್ನು ಹೇಗೆ ಹೊಂದಿಸುವುದು ಸ್ವಲ್ಪ ಬಿಡಿಸಿ ಹೇಳಿ. ಸಿವಿ ಸಿವಿ ಅಂತಾರೆ, ಒಂದೂ ತಲೆಗೆ ಹೋಗಿಲ್ಲ.

ಡಿಕೋಡರ್ ದಾಸ

ಸಂತೋಷವಾಗಿ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಸಿವಿ ಅಂದರೆ ಡಿಕೋಡರ್ ಒಳಗಿನ ಒಂದೊಂದು ಖಾನೆ. ಪ್ರತಿ ಖಾನೆಗೆ ಒಂದು ನಂಬರ್. ಅದರಲ್ಲಿ ನೀವು ಒಂದು ಅಂಕಿ ಬರೆದಿಡುತ್ತೀರಿ. ಸಿವಿ 1ರಲ್ಲಿ ಎಂಜಿನ್‌ನ ವಿಳಾಸ. ಸಿವಿ 2ರಲ್ಲಿ ಹೊರಡುವ ವೋಲ್ಟೇಜ್. ಸಿವಿ 5ರಲ್ಲಿ ಅತಿ ಹೆಚ್ಚಿನ ವೇಗ, ಸಿವಿ 6ರಲ್ಲಿ ನಡುವಿನ ವೇಗ. ಸಿವಿ 3 ವೇಗ ಏರುವ ಪರಿ, ಸಿವಿ 4 ಇಳಿಯುವ ಪರಿ. ನಿಮ್ಮ ಎರಡು ಎಂಜಿನ್ ಕತೆಗೆ 2, 5, 6 ಈ ಮೂರೇ ಬಹಳ ಮಟ್ಟಿಗೆ ಸಾಕು. ಬ್ರಿಡ್ಜ್ ಮಾಡಲಾರದ್ದನ್ನು ಇದು ಮಾಡುತ್ತದೆ. ಕೆಳಗೆ ನೀಲಿಯನ್ನು ಹಿಡಿಯಬಹುದು, ಮೇಲೆ ಕೆಂಪನ್ನು ಹಿಡಿಯಬಹುದು. ಇನ್ನೂ ನುಣುಪು ಬೇಕಾದರೆ ಸಿವಿ 67ರಿಂದ 94ರ ತನಕ 28 ಮೆಟ್ಟಿಲಿನ ವೇಗದ ಪಟ್ಟಿ ಇದೆ. ಅದನ್ನು ಬಳಸಬೇಕಾದರೆ ಸಿವಿ 29ರಲ್ಲಿ ಒಂದು ಬಿಟ್ ಬದಲಿಸಬೇಕು. ಕೈಯಲ್ಲಿ ಬರೆಯುತ್ತಾ ಕೂರಬೇಡಿ. ಜೆಎಂಆರ್‌ಐ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರ ಡಿಕೋಡರ್‌ಪ್ರೊದಲ್ಲಿ ಕಂಬಿಗಳನ್ನು ಎಳೆದು ಮೇಲೆ ಕೆಳಗೆ ಮಾಡಿದರೆ ಆಯಿತು.

ಒಂದು ನಿಯಮ ಮರೆಯಬೇಡಿ: ನಿಧಾನದ ಎಂಜಿನ್‌ಗೆ ವೇಗದ ಎಂಜಿನ್ ಹೊಂದಿಕೊಳ್ಳಬೇಕು. ವೇಗದ್ದನ್ನು ಇಳಿಸಬಹುದು. ನಿಧಾನದ್ದನ್ನು ಅದರ ಶಕ್ತಿ ಮೀರಿ ಏರಿಸಲು ಯಾವ ಸಿವಿಯಿಂದಲೂ ಆಗುವುದಿಲ್ಲ. ಹಾಗೇ ಹೊಂದಿಸುವಾಗ ಸಿವಿ 3, ಸಿವಿ 4 ಎರಡನ್ನೂ ಸೊನ್ನೆ ಮಾಡಿಕೊಳ್ಳಿ. ಇಲ್ಲದಿದ್ದರೆ ಯಾವುದು ಮೋಟಾರಿನ ವ್ಯತ್ಯಾಸ, ಯಾವುದು ನಿಧಾನವಾಗಿ ಏರುವ ವ್ಯತ್ಯಾಸ ಎಂದು ಗೊತ್ತಾಗುವುದಿಲ್ಲ. ಎಲ್ಲ ಸರಿಯಾದ ಮೇಲೆ ಎರಡಕ್ಕೂ ಒಂದೇ ಅಂಕಿ ಕೊಡಿ.

ಇನ್ನು ಜೋಡಿ ಮಾಡುವುದು. ಇದಕ್ಕೆ ಕನ್ಸಿಸ್ಟ್ ಅನ್ನುತ್ತಾರೆ. ಅತಿ ಸುಲಭದ ದಾರಿ ಎರಡೂ ಎಂಜಿನ್‌ಗೆ ಒಂದೇ ವಿಳಾಸ ಕೊಡುವುದು. ಹಿಂದುಮುಂದಾಗಿ ನಿಂತ ಎಂಜಿನ್‌ಗೆ ಸಿವಿ 29ರಲ್ಲಿ ದಿಕ್ಕು ತಿರುಗಿಸಬೇಕು. ಯಾವಾಗಲೂ ಜೋಡಿಯಲ್ಲೇ ಇರುವ ಎಂಜಿನ್‌ಗೆ ಇದೇ ಸಾಕು. ಎರಡನೆಯದು ಸಿವಿ 19. ಇದರಲ್ಲಿ ಜೋಡಿಯ ವಿಳಾಸ ಬರೆದರೆ ಎಂಜಿನ್ ವೇಗದ ವಿಷಯದಲ್ಲಿ ತನ್ನ ಸ್ವಂತ ವಿಳಾಸ ಬಿಟ್ಟು ಜೋಡಿಯ ಮಾತು ಕೇಳುತ್ತದೆ. ಹಿಂದುಮುಂದಾಗಿ ನಿಂತಿದ್ದರೆ ಆ ಅಂಕಿಗೆ 128 ಕೂಡಿಸಿ. ಜೋಡಿ ವಿಳಾಸ 10 ಆದರೆ ಒಂದಕ್ಕೆ 10, ಇನ್ನೊಂದಕ್ಕೆ 138. ಬಿಡಿಸಬೇಕಾದರೆ ಸೊನ್ನೆ ಬರೆಯಿರಿ. ಜೋಡಿಯಲ್ಲಿ ಯಾರ ದೀಪ ಉರಿಯಬೇಕು, ಯಾರ ಹಾರ್ನ್ ಕೂಗಬೇಕು ಎನ್ನುವುದು ಸಿವಿ 21 ಮತ್ತು 22ರಲ್ಲಿ. ಮೂರನೆಯ ದಾರಿಯಲ್ಲಿ ಎಂಜಿನ್‌ಗೆ ಏನೂ ಗೊತ್ತಿರುವುದಿಲ್ಲ. ಯಾರು ಯಾರ ಜೋಡಿ ಎಂದು ಕಮಾಂಡ್ ಸ್ಟೇಷನ್ (ಹಳಿಗೆ ಆಜ್ಞೆ ಕಳಿಸುವ ಡಿಸಿಸಿ ಪೆಟ್ಟಿಗೆ) ನೆನಪಿಟ್ಟುಕೊಂಡು ಇಬ್ಬರಿಗೂ ಬೇರೆ ಬೇರೆ ಆಜ್ಞೆ ಕಳಿಸುತ್ತದೆ. ಇದರ ತೊಂದರೆ ಏನೆಂದರೆ ಎಂಜಿನ್‌ಗಳನ್ನು ಗೆಳೆಯರ ಮನೆಗೆ ಒಯ್ದರೆ ಜೋಡಿ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ಸಿವಿ 19 ಆದರೆ ಎಂಜಿನ್ ಜೊತೆಗೇ ಬರುತ್ತದೆ. ನಾನು ಅದನ್ನೇ ಬಳಸುವುದು.

ಘಾಟಿ ಗಾರ್ಡ್

ಬ್ಯಾಕ್ ಇಎಂಎಫ್ ಬಗ್ಗೆ ಹೇಳದೆ ಜಾರಿಕೊಂಡಿರಲ್ಲ ದಾಸರೇ.

ಡಿಕೋಡರ್ ದಾಸ

ಬರುತ್ತಿದ್ದೆ. ಮೋಟಾರು ತಿರುಗುವಾಗ ತಾನೇ ಹುಟ್ಟಿಸುವ ವೋಲ್ಟೇಜ್ ಈ ಬ್ಯಾಕ್ ಇಎಂಎಫ್. ಅದನ್ನು ನೋಡಿ ಈಗಿನ ಡಿಕೋಡರ್‌ಗಳು ಮೋಟಾರಿನ ವೇಗವನ್ನು ತಾವೇ ಅಳೆಯುತ್ತವೆ. ಏರಿನಲ್ಲಿ ವೇಗ ಬಿದ್ದರೆ ಜಾಸ್ತಿ ಶಕ್ತಿ ಕೊಡುತ್ತವೆ, ಇಳಿಜಾರಿನಲ್ಲಿ ಕಡಿಮೆ ಮಾಡುತ್ತವೆ. ಒಂಟಿ ಎಂಜಿನ್‌ಗೆ ಇದು ವರ. ಜೋಡಿಯಲ್ಲಿ ಎರಡೂ "ನಾನು ಹೇಳಿದ ವೇಗವೇ ಸರಿ" ಎಂದು ಹಟ ಹಿಡಿದರೆ ಮುಂದೆ ಹಿಂದೆ ಜಗ್ಗಾಟ ಶುರು. ಹನ್ನೆರಡು ವೋಲ್ಟ್ ಅವರು ಹೇಳಿದ ರಾಜಿ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಯಾವ ಮೋಟಾರೂ ಬಗ್ಗುವುದಿಲ್ಲ. ಇದೊಂದರಲ್ಲಿ ಡಿಸಿಯೇ ಮೇಲು ಎಂದು ಒಪ್ಪುತ್ತೇನೆ.

ಪರಿಹಾರ ಇದೆ. ಸಿವಿ 10 ಇರುವ ಡಿಕೋಡರ್‌ಗಳಲ್ಲಿ ಒಂದು ವೇಗ ದಾಟಿದ ಮೇಲೆ ಈ ಹಟ ಬಿಡಿಸಬಹುದು. ಬೇರೆ ಕಂಪನಿಗಳು ಬೇರೆ ಸಿವಿ ಇಟ್ಟಿರುತ್ತಾರೆ, ಕೈಪಿಡಿ ನೋಡಬೇಕು. ಎಲ್ಲಕ್ಕಿಂತ ಸುಲಭ, ಎರಡಕ್ಕೂ ಒಂದೇ ಕಂಪನಿಯ ಡಿಕೋಡರ್ ಹಾಕುವುದು. ಎಂಜಿನ್ ಬೇರೆ ಇದ್ದರೂ ಪರವಾಗಿಲ್ಲ.

ಹನ್ನೆರಡು ವೋಲ್ಟ್

"ಡಿಸಿಯೇ ಮೇಲು" ಎಂದು ದಾಸರು ಬರೆದಿದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ.

ಸಿಗ್ನಲ್ ಕೆಂಪು

ಬೀಳುವ ಬೋಗಿ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೂ ಎಂಜಿನ್ ಜೋಡಿಗೂ ಸಂಬಂಧ ಕಡಿಮೆ. ಮುಂದೆ ಜೋರಾಗಿ ಎಳೆತ, ಹಿಂದೆ 7 ಬೋಗಿಯ ಭಾರ, ನಡುವೆ ಹಗುರ ಬೋಗಿ, ಜೊತೆಗೆ ತಿರುವು. ರೈಲು ನೇರ ಗೆರೆಯಾಗಲು ನೋಡುತ್ತದೆ, ಹಗುರದ್ದು ಒಳಗಡೆಗೆ ಬೀಳುತ್ತದೆ. ಎನ್‌ಎಂಆರ್‌ಎ ಇದಕ್ಕೆ ಒಂದು ಸೂತ್ರ ಕೊಟ್ಟಿದೆ. ಎಚ್‌ಒ ಬೋಗಿಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 10 ಇಂಚಿನ ಬೋಗಿ 6 ಔನ್ಸ್, ಅಂದರೆ ಸುಮಾರು 170 ಗ್ರಾಂ ತೂಗಬೇಕು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿ. ಕಡಿಮೆ ಇದ್ದರೆ ನೆಲಕ್ಕೆ ಹತ್ತಿರವಾಗಿ ಕಬ್ಬಿಣದ ವಾಷರ್ ಅಂಟಿಸಿ. ಚಾವಣಿಗೆ ಅಂಟಿಸಿದರೆ ಇನ್ನೂ ಬೇಗ ಬೀಳುತ್ತದೆ. ಭಾರದ ಬೋಗಿ ಮುಂದೆ, ಹಗುರದ್ದು ಕೊನೆಗೆ.

ಬನಶಂಕರಿ ಲೂಪ್

ತೂಗಿದೆ. ಬೀಳುತ್ತಿದ್ದ ಬೋಗಿ 95 ಗ್ರಾಂ! ಉದ್ದ 10 ಇಂಚಿಗೆ ಸ್ವಲ್ಪ ಕಡಿಮೆ.

ಒಂದು ಎಂಜಿನ್ ಮುಂದೆ, ಒಂದು ಎಂಜಿನ್ ಹಿಂದೆ ಇಟ್ಟರೆ? ಸಕಲೇಶಪುರದ ಬ್ಯಾಂಕರ್ ತರಹ? ನೋಡಲು ಅದೇ ಚೆಂದ.

ಘಾಟಿ ಗಾರ್ಡ್

ಚೆಂದವೇನೋ ಹೌದು. ನಿಜವಾದ ಘಾಟಿಯಲ್ಲಿ ಬ್ಯಾಂಕರ್‌ನಲ್ಲೂ ಲೋಕೋ ಪೈಲಟ್ ಇರುತ್ತಾರೆ. ಮುಂದಿನವರಿಗೂ ಹಿಂದಿನವರಿಗೂ ಮಾತುಕತೆ ಇರುತ್ತದೆ. ಒಟ್ಟಿಗೆ ಮುಂದೆ ಕಟ್ಟಿದ ಡೀಸೆಲ್ ಎಂಜಿನ್‌ಗಳ ಕತೆ ಬೇರೆ. ಅವುಗಳ ನಡುವೆ ಕೇಬಲ್ ಹಾಕಿ ಒಬ್ಬರೇ ಎಲ್ಲವನ್ನೂ ಓಡಿಸುತ್ತಾರೆ. ಈ ಮಲ್ಟಿಪಲ್ ಯೂನಿಟ್ ಪದ್ಧತಿಯನ್ನು 1897ರಲ್ಲಿ ಫ್ರಾಂಕ್ ಸ್ಪ್ರೇಗ್ ಷಿಕಾಗೋದ ಎತ್ತರದ ರೈಲಿನಲ್ಲಿ ಮೊದಲು ಮಾಡಿ ತೋರಿಸಿದರು. ಸ್ಟೀಮ್ ಎಂಜಿನ್‌ಗೆ ಆ ಸುಖ ಇರಲಿಲ್ಲ. ಎರಡು ಎಂಜಿನ್ ಅಂದರೆ ಎರಡು ತಂಡ, ಸೀಟಿಯಲ್ಲಿ ಮಾತು.

ನಿಮ್ಮ ಲೇಔಟ್‌ನಲ್ಲಿ ಹಿಂದಿನ ಎಂಜಿನ್ ಸ್ವಲ್ಪ ಜೋರಾದರೂ ನಡುವಿನ ಬೋಗಿಗಳು ಹೊರಗಡೆಗೆ ಹಾರುತ್ತವೆ. ಸ್ವಲ್ಪ ನಿಧಾನವಾದರೆ ಒಳಗಡೆಗೆ ಬೀಳುತ್ತವೆ. ಹಾಗಾಗಿ ಬ್ಯಾಂಕರ್ ಬೇಕಾದರೆ ವೇಗ ಹೊಂದಿಸುವುದು ಇನ್ನೂ ಕಟ್ಟುನಿಟ್ಟು. ಮೊದಲು ಬೋಗಿಗಳ ತೂಕ ಸರಿಮಾಡಿ, ಮುಂದೆ ಎರಡನ್ನೂ ಓಡಿಸಿ ನೋಡಿ. ಬ್ಯಾಂಕರ್ ಆಮೇಲೆ.

ಎಸ್‌ಪಿ ರೋಡ್ ಅಲೆಮಾರಿ

ಡಿಸಿಸಿ ಅಂದರೆ ದುಬಾರಿ ಎಂದು ಹೆದರುವವರಿಗೆ ಒಂದು ದಾರಿ. ಡಿಸಿಸಿ-ಇಎಕ್ಸ್ ಎಂಬ ಓಪನ್ ಸೋರ್ಸ್ ಕಮಾಂಡ್ ಸ್ಟೇಷನ್ ಇದೆ. ಆರ್ಡುಯಿನೊ ಮೆಗಾ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಹಳಿಗೆ ಕರೆಂಟ್ ಕೊಡುವ ಒಂದು ಮೋಟಾರ್ ಷೀಲ್ಡ್, ಒಂದು ಒಳ್ಳೆಯ ಡಿಸಿ ಅಡಾಪ್ಟರ್. ಮೂರೂ ಎಸ್‌ಪಿ ರೋಡಲ್ಲೇ ಸಿಗುತ್ತವೆ. ಫೋನಿನಲ್ಲಿ ಎಂಜಿನ್ ಡ್ರೈವರ್ ಎಂಬ ಆ್ಯಪ್ ಹಾಕಿಕೊಂಡರೆ ಅದರಲ್ಲೇ ಎಂಜಿನ್‌ಗಳನ್ನು ಜೋಡಿ ಮಾಡಬಹುದು. ಫೋನ್‌ಗೆ ವೈಫೈ ಬೇಕಾಗುತ್ತದೆ, ಅದಕ್ಕೆ ಒಂದು ಸಣ್ಣ ಬೋರ್ಡ್ ಸೇರಿಸಬೇಕು. ಡಿಕೋಡರ್ ಮಾತ್ರ ಹೊರಗಿಂದ ತರಿಸಬೇಕಾಗುತ್ತದೆ, ಕಸ್ಟಮ್ಸ್ ಸುಂಕ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಎರಡು ಎಚ್ಚರಿಕೆ. ಡಿಕೋಡರ್ ಇಲ್ಲದ ಎಂಜಿನ್‌ನ್ನು ಡಿಸಿಸಿ ಹಳಿ ಮೇಲೆ ಇಡಬೇಡಿ. ಮೋಟಾರು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಮತ್ತೆ ನಾಣ್ಯದ ಪರೀಕ್ಷೆ ಬಿಡಬೇಡಿ. 2 ರೂಪಾಯಿ ನಾಣ್ಯವನ್ನು ಎರಡು ಹಳಿಗೂ ತಾಗುವಂತೆ ಇಡಿ. ಕಂಟ್ರೋಲರ್ ತಕ್ಷಣ ಆಫ್ ಆಗಬೇಕು. ಲೇಔಟ್‌ನ ಎಲ್ಲ ಮೂಲೆಯಲ್ಲೂ ಮಾಡಿ. ಯಾವುದೋ ಒಂದು ಕಡೆ ಆಫ್ ಆಗದಿದ್ದರೆ ಕಂಟ್ರೋಲರ್‌ನಿಂದ ಅಲ್ಲಿಗೆ ನೇರವಾಗಿ ಇನ್ನೊಂದು ದಪ್ಪ ವೈರ್ (ಫೀಡರ್) ಕೊಡಬೇಕು. ಹಳಿ ಜೋಡಿಸುವ ಸಣ್ಣ ತಗಡುಗಳನ್ನು ನಂಬಿ ಕೂರಬೇಡಿ. ಎರಡು ಎಂಜಿನ್ ಒಂದೇ ಜಾಗದಲ್ಲಿ ಕರೆಂಟ್ ಎಳೆಯುತ್ತವೆ, ಆ ತಗಡಿನಲ್ಲೇ ವೋಲ್ಟೇಜ್ ಸೋರುತ್ತದೆ. ಡಿಸಿಯಲ್ಲೂ ಇದೇ ಕತೆ.

ಸಿಗ್ನಲ್ ಕೆಂಪು

ಇನ್ನೊಂದು ಸೇರಿಸಲಾ? ನಮ್ಮ ಊರಿನ ಧೂಳು. ನಮ್ಮ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾದಾಗಿನಿಂದ ಕಿಟಕಿ ಮುಚ್ಚಿದರೂ ಹಳಿ ಮೇಲೆ ಒಂದು ಪದರ ಕೂರುತ್ತದೆ. ಒಂದು ಎಂಜಿನ್ ಧೂಳಿನ ಮೇಲೆ ಕರೆಂಟ್ ಕಳೆದುಕೊಂಡು ನಿಂತರೆ ಇನ್ನೊಂದು ಅದನ್ನು ಎಳೆದುಕೊಂಡು ಹೋಗುತ್ತದೆ. ನೋಡುವವರಿಗೆ ಮೋಟಾರು ಹೊಂದುತ್ತಿಲ್ಲ ಅನ್ನಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಹಳಿ ಒರೆಸಿ, ಚಕ್ರ ಒರೆಸಿ, ಆಮೇಲೆ ಅಳತೆ ಮಾಡಿ. ಚಕ್ರಕ್ಕೆ ರಬ್ಬರ್ ಉಂಗುರ ಇದ್ದರೆ ಹಿಡಿತ ಜಾಸ್ತಿ, ಆದರೆ ಆ ಚಕ್ರದಿಂದ ಕರೆಂಟ್ ಬರುವುದಿಲ್ಲ ಎನ್ನುವುದೂ ನೆನಪಿರಲಿ.

ಬನಶಂಕರಿ ಲೂಪ್

ಫಲಿತಾಂಶ ಹೇಳುತ್ತೇನೆ. ನೀಲಿಗೆ ಬ್ರಿಡ್ಜ್ ಹಾಕಿದೆ. ಈಗ ಎರಡೂ 4 ವೋಲ್ಟ್ ಆಸುಪಾಸಿನಲ್ಲಿ ಹೆಚ್ಚು ಕಡಿಮೆ ಒಟ್ಟಿಗೆ ಹೊರಡುತ್ತವೆ. ಕೆಂಪು ಮುಂದೆಯೇ ಇದೆ. ಬೋಗಿಗಳಿಗೆ ವಾಷರ್ ಅಂಟಿಸಿದೆ. ತೂಕ ಹೆಚ್ಚಾಯಿತಲ್ಲ, ಎಳೆಯಲು ಕಷ್ಟವಾಗಬಹುದು ಎಂಬ ಅನುಮಾನ ಇತ್ತು. ಹಾಗೇ ಆಯಿತು. 8 ಬೋಗಿ ಬದಲು 7 ಬೋಗಿ ಹತ್ತಿಸುತ್ತವೆ. ಆದರೆ ಒಂದೂ ಬೀಳುತ್ತಿಲ್ಲ. ತಿರುವಿನಲ್ಲಿ ನಿಲ್ಲಿಸಿ ಹೊರಡಿಸಿದರೂ ಕೆಂಪಿನ ಚಕ್ರ ಹಾರುತ್ತಿಲ್ಲ. ಮುಕ್ಕಾಲು ಗುಂಡಿ ದಾಟಿದರೆ ಮಾತ್ರ ನೀಲಿಯ ಚಕ್ರ ಸ್ವಲ್ಪ ಜಾರುವ ಸದ್ದು ಬರುತ್ತದೆ, ದಾಸ್ ಸರ್ ಹೇಳಿದ ಹಾಗೆಯೇ. ಅಲ್ಲಿಗೆ ನಾನು ಹೋಗುವುದೇ ಇಲ್ಲ.

ಸಮಸ್ಯೆ ಏನೆಂದರೆ ಈಗ ಬ್ಯಾಂಕರ್ ಆಸೆ ಬಿಡುತ್ತಿಲ್ಲ. ಡಿಸಿಸಿ-ಇಎಕ್ಸ್ ಮಾಡೋಣ ಅನ್ನಿಸಿದೆ. ಕೆಂಪಿನಲ್ಲಿ 8 ಪಿನ್ ಸಾಕೆಟ್ ಇದೆ. ನೀಲಿಯಲ್ಲಿ ಏನೂ ಇಲ್ಲ.

ಡಿಕೋಡರ್ ದಾಸ

ಬನ್ನಿ ಬನ್ನಿ, ನಮ್ಮ ಕಡೆಗೆ ಸ್ವಾಗತ. ಕೆಂಪಿಗೆ 8 ಪಿನ್ ಡಿಕೋಡರ್ ಚುಚ್ಚಿದರೆ ಆಯಿತು. ನೀಲಿಗೆ ವೈರ್ ಬೆಸೆಯಬೇಕು. ಬಣ್ಣ ನೆನಪಿಡಿ. ಕೆಂಪು ವೈರ್ ಬಲಗಡೆ ಹಳಿಗೆ, ಕಪ್ಪು ಎಡಗಡೆ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ನೀಲಿ, ಬಿಳಿ, ಹಳದಿ ದೀಪಗಳಿಗೆ. ಹಳೇ ಎಂಜಿನ್‌ಗಳಲ್ಲಿ ಮೋಟಾರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೆ ತಾಗಿರುತ್ತದೆ. ಅದನ್ನು ಬಿಡಿಸದೆ ಡಿಕೋಡರ್ ಹಾಕಿದರೆ ಕರೆಂಟ್ ಕೊಟ್ಟ ಕೂಡಲೇ ಹೊಗೆ. ಮಲ್ಟಿಮೀಟರ್‌ನಲ್ಲಿ ಮೋಟಾರಿನ ಎರಡೂ ಕಾಲಿನಿಂದ ಚಾಸಿಗೆ, ಚಕ್ರಕ್ಕೆ ಸಂಪರ್ಕ ಇಲ್ಲ ಎಂದು ನೋಡಿಕೊಂಡೇ ಮುಂದುವರಿಯಿರಿ. ಆ ಬ್ರಿಡ್ಜ್ ತೆಗೆದುಬಿಡಿ. ಡಿಕೋಡರ್ ಜೊತೆ ಅದು ಇರಬಾರದು, ಬ್ಯಾಕ್ ಇಎಂಎಫ್ ಅಳತೆ ಕೆಡುತ್ತದೆ.

ಮೂರು ಹಳಿ ಮಾವ, ಜಯನಗರ

ಲೂಪ್ ಅವರೇ, ಬ್ರಿಡ್ಜ್ ಬಿಸಾಡಬೇಡಿ. ನನ್ನ ಅಕ್ಕನ ಮೊಮ್ಮಗನ ಡಿಸಿ ಎಂಜಿನ್ ಒಂದು ವಿಪರೀತ ಓಡುತ್ತದೆ. ಅದಕ್ಕೆ ಹಾಕಿಸುತ್ತೇನೆ.

ಬನಶಂಕರಿ ಲೂಪ್

ಖಂಡಿತ ಮಾವ, ತಂದುಕೊಡುತ್ತೇನೆ. ಅಲೆಮಾರಿ, ಈ ಭಾನುವಾರ ಮೆಗಾ ಬೋರ್ಡ್ ತರಲು ಹೋಗೋಣವಾ? ನೀವೂ ಬಂದರೆ ಅನುಕೂಲ.

ಎಸ್‌ಪಿ ರೋಡ್ ಅಲೆಮಾರಿ

ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ ಗುರು. ಶನಿವಾರ ಬೆಳಿಗ್ಗೆ ಹೋಗೋಣ. ಕಾರು ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೆಟ್ರೋದಲ್ಲಿ ಬನ್ನಿ.